ಎಡಗಡೆಯ ಹಿಂದಿನ ಗಾಲಿ

ಕಮಲಾಪುರ ಬಿಟ್ಟು ತುಸು ದೂರ ಬಂದಿದ್ದೆವು. ಕಾರಿನ ತುಂಬ ಕೆಂಪು ಬಾಳೆಹಣ್ಣಿನ ವಾಸನೆ. ಟಿಣ್ ಎಂದು ಸದ್ದಾಗಿ ನನ್ನೆದುರು ಹಳದಿ ದೀಪವೊಂದು ಹೊತ್ತಿಕೊಂಡಿತು. ನಿಮ್ಮ ಕಾರಿನಲ್ಲೂ ಇದ್ದೀತು ನೋಡಿ: ಬಾಯ್ದೆರೆದ ಗಡಿಗೆಯಂಥ ಚಿತ್ರ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ನಾನು ಮೊದಲ ಸಲ ಅದನ್ನು ಕಂಡಾಗ ಎಂಜಿನ್ ಕುದಿಯುತ್ತಿದೆ ಎಂದುಕೊಂಡು ಬಾನೆಟ್ಟಿನ ಮೇಲೆ ಕೊಡ ನೀರು ಸುರಿದಿದ್ದೆ. ಗಾಲಿಯಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಅದರ ಅರ್ಥವಂತೆ. ಗಾಳಿ ಸರಿಮಾಡಿ, ಸ್ಟೇರಿಂಗಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ದೀಪ ಆರುತ್ತದೆ. ಒತ್ತಿದ ಗಳಿಗೆಯಲ್ಲಿ ಗಾಲಿಗಳು ಹೇಗಿವೆಯೋ ಅದೇ ಸರಿ ಎಂದು ಕಾರು ನಂಬಿಬಿಡುತ್ತದೆ ಎಂದು ಶೋರೂಮಿನವರು ವಿವರಿಸಿದ್ದರು. ಪಾಪ, ಅಷ್ಟು ಮುಗ್ಧ ಪ್ರಾಣಿ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೆದರಿಕೆಯಾಯಿತು. ಮುಂದೆ ಎಡಕ್ಕೆ ಆ ಬೇವಿನ ಮರ ಕಾಣುತ್ತಿತ್ತು. ಹಿಂದಿನ ಸೀಟಿನ ಎಡಗಡೆ, ಎಂಬತ್ತು ದಾಟಿದ, ಹೃದಯ ದುರ್ಬಲವಾಗಿರುವ ಮುಕುಂದ ಮಾಮಾ ಕಣ್ಣು ಮುಚ್ಚಿ ಕೂತಿದ್ದ. ಅಲ್ಲಿ ಮಾಮಾ ಯಾವತ್ತೂ ಕೂರುವವನಲ್ಲ.

ಎಂಬತ್ತರ ದಶಕದಲ್ಲಿ, ಕಾಲೇಜು ಓದುವ ಹುಡುಗಿಯಾಗಿದ್ದಾಗ ನಾನು ಖೂಬಾ ಪ್ಲಾಟ್ ಬಡಾವಣೆಯ ಮಾಮಾನ ಮನೆಯಲ್ಲಿದ್ದೆ. ಮಾಮಾನಿಗೆ ಬ್ಯಾಂಕಿನಲ್ಲಿ ನೌಕರಿ, ಕಮಲಾಪುರದಲ್ಲಿ ಚಿಕ್ಕ ಬಾಳೆತೋಟ, ಅಲ್ಲಿಗೆ ಹೋಗಿಬರಲು ಬೂದು ಬಣ್ಣದ ಹಳೆಯ ಕಾರು. ಪ್ರತಿ ರವಿವಾರ ನಮ್ಮ ಸವಾರಿ. ಹಿಂದಿನ ಸೀಟಿನ ಎಡಗಡೆ ಮಾತ್ರ ಅಜ್ಜಿಯದು, ಅಂದರೆ ಮಾಮಾನ ತಾಯಿಯದು. ಮನೆಗೆ ಬಂದ ಅಳಿಯಂದಿರಿಗೂ ಆ ಜಾಗ ಸಿಗುತ್ತಿರಲಿಲ್ಲ.

ಅಜ್ಜಿಗೆ ಕಾರಿನ ಗಂಧಗಾಳಿ ಗೊತ್ತಿರಲಿಲ್ಲ. ಪೆಟ್ರೋಲನ್ನು ಕೊನೆಯವರೆಗೂ ಎಣ್ಣೆ ಎಂದೇ ಕರೆದಳು. ಆದರೆ ಗಾಲಿಯಲ್ಲಿ ಗಾಳಿ ಇಳಿದರೆ ಕೂತಲ್ಲೇ ತಿಳಿದುಬಿಡುತ್ತಿತ್ತು. "ಮುಕುಂದಾ, ನನ್ನ ಕಡಿ ಮೆತ್ತಗಾಗ್ಯಾದ ನೋಡೋ" ಎನ್ನುವಳು. ಇಳಿದು ನೋಡಿದರೆ ನಿಜವೇ. ತಾಯಿ ಗೆದ್ದಾಗಲೆಲ್ಲ ಮಾಮಾ ಮುಖ ಸಿಂಡರಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕಿಸಕ್ಕನೆ ನಗುತ್ತಿದ್ದೆ.

ಒಂದು ರವಿವಾರ ತೋಟದಿಂದ ಮರಳುವಾಗ, ಈ ಬೇವಿನ ಮರದ ಹತ್ತಿರವೇ, ಅಜ್ಜಿ ಎಂದಳು: "ಗಾಡಿ ನಿಂದ್ರಸು ಮುಕುಂದಾ. ನನ್ನ ಕಡಿ ಗಾಳಿ ಹೋಗ್ಲಿಕತ್ತದ."

"ಆಯಿ, ಬರೋವಾಗ ತುಂಬಿಸ್ಕೊಂಡೇ ಬಂದೀನಿ. ಕಪನೂರದಾಗ ನೋಡಸ್ತೀನಿ, ಸುಮ್ನ ಕೂಡು."

ಸ್ವಲ್ಪ ಹೊತ್ತಿಗೆ ಅಜ್ಜಿ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಅತ್ತಿತ್ತ ತೊಗರಿ ಹೊಲ, ಮಟಮಟ ಮಧ್ಯಾಹ್ನ. ಎದುರಿಗೆ ಎತ್ತಿನ ಗಾಡಿ ಬಂತು. "ಮಾಮಾ, ಹಾರ್ನ್ ಹೊಡೀಬ್ಯಾಡ, ಅಜ್ಜಿ ಮಲಗ್ಯಾಳ" ಎಂದೆ.

ಕಪನೂರದ ವರ್ಕ್‌ಶಾಪಿನಲ್ಲಿ ಗಾಳಿ ಹಾಕುವವನು ಗಾಲಿಗೆ ಮೀಟರ್ ಹಚ್ಚಿ ನೋಡಿದ. ಮತ್ತೊಮ್ಮೆ ನೋಡಿದ. ಎದ್ದು ನಿಂತಾಗ ಅವನ ಕಣ್ಣು ಕಿಟಕಿಯೊಳಗೆ ಹಾಯಿತು. ದನಿ ತಗ್ಗಿಸಿ ಹೇಳಿದ: "ಹವಾ ಬರಾಬರ್ ಅದ ರೀ ಸಾಬ್. ಅಮ್ಮಾರನ್ನ ಸ್ವಲ್ಪ ನೋಡ್ರಿ."

ಆ ತಲೆಯ ಭಾರ ನನ್ನ ಹೆಗಲಿಗೆ ಇವತ್ತಿಗೂ ನೆನಪಿದೆ. ಅದು ಯಾವ ಗಳಿಗೆಯಲ್ಲಿ ಬರಿಯ ಭಾರವಾಯಿತೋ ನನಗೆ ತಿಳಿಯಲಿಲ್ಲ.

ಆಮೇಲೆ ಮಾಮಾ ಕಾರುಗಳನ್ನು ಬದಲಾಯಿಸಿದ, ರೂಢಿಯನ್ನು ಬದಲಾಯಿಸಲಿಲ್ಲ. ಹೋಗುವಾಗ, ಬರುವಾಗ, ಬೇವಿನ ಮರದ ಹತ್ತಿರ ಕಾರು ನಿಲ್ಲಬೇಕು. ಇಳಿದು ಎಡಗಡೆಯ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಮತ್ತೆ ಹತ್ತುತ್ತಿದ್ದ. ಅಜ್ಜಿಯ ಜಾಗದಲ್ಲಿ ಬಾಳೆಗೊನೆ ಇರುತ್ತಿತ್ತು. ಒಮ್ಮೆ ಮಾತ್ರ, ನಾನು ಕೇಳದೆಯೇ ಹೇಳಿದ: "ನಿಂದ್ರಸಿದ್ರ ಆಯಿ ಉಳೀತಿದ್ಲೋ ಇಲ್ಲೋ, ಯಾರಿಗೆ ಗೊತ್ತು. ಆದ್ರ ನಿಂದ್ರಸಬೇಕಾಗಿತ್ತು."

ಅಂಥ ಮಾಮಾ ಇವತ್ತು ತೋಟದಿಂದ ಹೊರಡುವಾಗ ಬಾಳೆಗೊನೆಯನ್ನು ಬಲಕ್ಕೆ ಸರಿಸಿ, "ನಾ ಇಲ್ಲೇ ಕೂಡ್ತೀನಿ" ಎಂದು ಎಡಗಡೆ ಕೂತಿದ್ದ. ಆಗಿನಿಂದಲೇ ನಾನು ಕನ್ನಡಿಯಲ್ಲಿ ಅವನನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಈಗ ಈ ದೀಪ.

ಮರದ ಕೆಳಗೆ ನಿಲ್ಲಿಸಿದೆ. ಗಾಳಿ ನೋಡುವ ಮೀಟರ್ ತೆಗೆದುಕೊಂಡು ಇಳಿದೆ. ಮುಂದಿನವೆರಡು ಸರಿ. ಬಲಗಡೆ ಹಿಂದಿನದೂ ಸರಿ. ಎಡಗಡೆಯದಕ್ಕೆ ಕೊನೆಗೆ ಹಚ್ಚಿದೆ. ಅದೂ ಬರಾಬರ್ ಇತ್ತು. ಗಾಲಿ ಪಂಕ್ಚರ್ ಆಗಿರಲಿ ದೇವರೇ ಎಂದು ಬೇಡಿಕೊಂಡವಳು ಈ ರಸ್ತೆಯಲ್ಲಿ ನಾನೊಬ್ಬಳೇ ಇರಬೇಕು. ಗಾಲಿ ಸರಿಯಿದ್ದರೆ ನೋಡಬೇಕಾದದ್ದು ಕಿಟಕಿಯೊಳಗೆ.

ನೋಡಿದೆ. ಸೀಟು ಖಾಲಿಯಿತ್ತು.

ಮಾಮಾ ಬಲಗಡೆಯ ಬಾಗಿಲಿಗೆ ಒತ್ತಿಕೊಂಡು, ಬಾಳೆಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣುಗಳು ತೆರೆದಿದ್ದವು. ಬಾಗಿಲು ತೆಗೆದೆ.

"ನಿಂದ್ರಸಿದಿ?"

"ನಿಂದ್ರಸೀನಿ ಮಾಮಾ."

"ಛಲೋ ಮಾಡಿದಿ. ಆಯಿ ಆ ಕಡಿ ಸರಿ ಅಂದ್ಲು, ಸರದು ಕುಂತೆ."

ಎಡಗಡೆಯ ಸೀಟು ಒಬ್ಬರು ಕೂತಷ್ಟು ತಗ್ಗಿತ್ತು. ಮಾಮಾ ಈಗಷ್ಟೇ ಎದ್ದ ಗುರುತಿರಬೇಕು ಎಂದುಕೊಂಡೆ. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮುಂದೆ ಬಂದು ಕೂತು, ಗುಂಡಿ ಒತ್ತಿ ಹಿಡಿದೆ. ದೀಪ ಮಿಣುಕಿ ಆರಿತು. ಈಗ ಇರುವುದೇ ಸರಿ ಎಂದು ಕಾರು ಒಪ್ಪಿಕೊಂಡಿತು.

ಎದುರಿಗೆ ಲಾರಿಗಳು ಬಂದವು, ಎಮ್ಮೆಗಳು ಅಡ್ಡ ಬಂದವು. ಕಪನೂರದವರೆಗೆ ನಾನು ಹಾರ್ನ್ ಹೊಡೆಯಲಿಲ್ಲ.