ಅತ್ತೆ ಹಿಡಿದ ನಾಡಿ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ತಿರುವಿಬಿಡುತ್ತಿದ್ದೆ. ನಾನು ಓದಿದ್ದು ಗದಗಿನ ಒಂದು ಕಾನ್ವೆಂಟ್ ಶಾಲೆಯಲ್ಲಿ. ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯದ ಚಿತ್ರ ಬರೆದು, "ಇದೊಂದು ಪಂಪು, ಅಷ್ಟೇ. ಪ್ರೀತಿ ಗೀತಿ ಏನೂ ಇದರೊಳಗೆ ಇರೋದಿಲ್ಲ" ಎಂದಿದ್ದರು. ಹುಡುಗಿಯರೆಲ್ಲ ನಕ್ಕಿದ್ದೆವು. ಆದರೆ ನಾನು ಅದನ್ನು ಪೂರ್ತಿ ನಂಬಿದ್ದೆ. ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದ ಮೇಲೆ ಅತ್ತೆ ದೃಷ್ಟಿ ತೆಗೆಯುವಾಗ, ಓಣಿಯ ಮಕ್ಕಳಿಗೆ ಅಂತ್ರ, ತಾಯತ ಕಟ್ಟಿಸುವಾಗ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗ ನಂಬಿಕೆ ಬಂದಿದೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಏನನ್ನಬೇಕೋ ನೀವೇ ಅನ್ನಿ.

ಕೆಲವು ವರ್ಷಗಳ ಹಿಂದೆ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಶಿಗ್ಲಿಯ ಹತ್ತಿರ ಇರುವ ನಮ್ಮ ಹೊಲಕ್ಕೆ ಹೋಗಿದ್ದೆವು. ಬೆಳೆಗೆಲ್ಲ ಎಡೆ ಚೆಲ್ಲಿ, ಬೇವಿನ ಮರದ ಕೆಳಗೆ ಕುಳಿತು ಊಟ ಮಾಡಿದೆವು. ಎತ್ತುಗಳಿಗೆ ಹಾಕಿದ್ದ ಹುಲ್ಲಿನ ಮೇಲೆ ನಾನು ಸ್ವಲ್ಪ ಹೊತ್ತು ಒರಗಿಕೊಂಡಿದ್ದೆ. ಮರುದಿನ ಮೊಣಕಾಲಿನ ಹಿಂದೆ ಒಂದು ಉಣ್ಣಿ ಕಚ್ಚಿಕೊಂಡಿತ್ತು, ದನಗಳ ಮೈಮೇಲೆ ಇರುತ್ತದಲ್ಲ, ಅದೇ. ಎಳ್ಳುಕಾಳಿನಷ್ಟೇ ಇತ್ತು. ಕಿತ್ತು ಒಗೆದೆ, ಮರೆತೆ. ಆಮೇಲೆ ಅಲ್ಲಿ ಬಳೆಯಂತೆ ದುಂಡಗೆ ಕೆಂಪಾಯಿತು, ಜ್ವರ ಬಂತು, ಹೋಯಿತು. ಜ್ವರ ಹೋದ ಎಷ್ಟೋ ದಿನದ ಮೇಲೆ ಒಮ್ಮೆ ರೊಟ್ಟಿ ಬಡಿಯುತ್ತ ಕುಳಿತವಳಿಗೆ ಕೈಗಳು ಯಾರವೋ ಅನ್ನಿಸತೊಡಗಿದವು. ಎದೆಯಲ್ಲಿ ಒಂದು ಬಡಿತ ಬಂದು, ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುವಂತಾಯಿತು.

ಗದಗಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಇದು ಆ ಉಣ್ಣಿಯಿಂದ ಬಂದದ್ದೇ, ನಮ್ಮ ಕಡೆ ಬಹಳ ಅಪರೂಪ ಎಂದರು. ಹೃದಯದ ಮೇಲಿನ ಕೋಣೆ 'ಬಡಿ' ಎಂದು ಹೇಳಿದ್ದು ಕೆಳಗಿನ ಕೋಣೆಗೆ ತಡವಾಗಿ ಮುಟ್ಟುತ್ತಿದೆ, ಒಮ್ಮೊಮ್ಮೆ ಮುಟ್ಟುವುದೇ ಇಲ್ಲ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟು, ತುಸು ಸುಧಾರಿಸಿದ ಮೇಲೆ ಮನೆಗೆ ಕಳಿಸಿದರು. ಔಷಧಕ್ಕೆ ಬಗ್ಗಿದರೆ ಸರಿ, ಇಲ್ಲವಾದರೆ ಎದೆಯಲ್ಲಿ ಯಂತ್ರ ಇಡಬೇಕಾಗುತ್ತದೆ. ಅಲ್ಲಿಯವರೆಗೆ ಒಬ್ಬಳೇ ಇರಕೂಡದು, ಒಲೆ ಮುಂದೆ ನಿಲ್ಲಕೂಡದು, ಬಚ್ಚಲಿಗೆ ಹೋದರೂ ಚಿಲಕ ಹಾಕಕೂಡದು.

ನಮ್ಮ ಮನೆಯವರಿಗೆ ಗೊಬ್ಬರದ ಅಂಗಡಿ. ಹಗಲೆಲ್ಲ ಅಲ್ಲೇ ಇರಬೇಕು. ಹೀಗಾಗಿ ನನ್ನನ್ನು ಅವರ ತಾಯಿಗೆ ಒಪ್ಪಿಸಿದರು. ಒಪ್ಪಿಸಿದರು ಎಂಬುದು ಸುಮ್ಮನೆ ಬರೆದ ಮಾತಲ್ಲ. "ಅವ್ವಾ, ಈಕಿ ಕೈ ಬಿಡಬ್ಯಾಡ" ಎಂದು ಮಗ ಹೇಳಿದ್ದನ್ನು ಅತ್ತೆ ಅಕ್ಷರಶಃ ತೆಗೆದುಕೊಂಡರು. ಮಧ್ಯಾಹ್ನದ ಊಟವಾದ ಕೂಡಲೇ ನನ್ನನ್ನು ಮಂಚದ ಮೇಲೆ ಕೂಡಿಸಿಕೊಂಡು ಎಡಗೈ ಮಣಿಕಟ್ಟು ಹಿಡಿದರೆ ಸಂಜೆಯ ಚಹಾದವರೆಗೂ ಬಿಡುತ್ತಿರಲಿಲ್ಲ. ನಾಡಿ ನೋಡುವ ವಿದ್ಯೆ ಅವರಿಗೇನೂ ಬರುತ್ತಿರಲಿಲ್ಲ. ಹೆಬ್ಬೆರಳ ಕೆಳಗೆ ಬಡಿಯುತ್ತಿದ್ದರೆ ಸೊಸೆ ಇದ್ದಾಳೆ ಎಂದಷ್ಟೇ ಲೆಕ್ಕ. ಹಿಡಿದುಕೊಂಡೇ ಧಾರಾವಾಹಿ ನೋಡುವರು, ಅಡಿಕೆ ಅಗಿಯುವರು, ಬೆನ್ನು ಕಡಿದರೆ ನನ್ನ ಕೈಯಿಂದಲೇ ಕೆರೆದುಕೊಳ್ಳುವರು.

"ಅತ್ತೀ, ನೀರ ಕುಡದ ಬರ್ತೀನ್ರಿ" ಎಂದರೆ, "ನಡಿ, ನಾನೂ ಬರ್ತೀನಿ" ಎಂದು ಏಳುವರು. ಒಮ್ಮೆ ಸಿಟ್ಟು ಬಂದು, "ನಾನೇನ ಓಡಿ ಹೊಕ್ಕೀನೇನ್ರಿ?" ಎಂದೆ.

"ನೀ ಎಲ್ಲಿ ಓಡಿ ಹೋದಿ ಯವ್ವಾ, ಮುಳಗುಂದ ದಾಟೂದ್ರಾಗ ಹಸದು ತಿರುಗಿ ಬರ್ತೀ. ನನಗ ಅಂಜಿಕಿ ಇರೋದು ಇದು ಓಡಿ ಹೊಕ್ಕೈತಂತ" ಎಂದು ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಒತ್ತಿದರು.

ಪ್ರೀತಿಯಿಂದಲೇ ಹಿಡಿದಿದ್ದರು. ಅದಕ್ಕೇ ಬಿಡಿಸಿಕೊಳ್ಳುವುದು ಕಷ್ಟವಾಗಿತ್ತು. ಅವರ ಬೆರಳಿನ ಅಡಿಕೆ ವಾಸನೆ ನನ್ನ ಕೈಗೆ ಹತ್ತಿತ್ತು, ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಕೈಯ ಕೂದಲು ಒಂದೇ ಕಡೆ ಬಾಗಿ ಮಲಗಿದ್ದವು. ಸ್ವಲ್ಪ ಹೊತ್ತಾದರೂ ಯಾರೂ ಮುಟ್ಟದ ಹಾಗೆ, ಯಾರೂ ನೋಡದ ಹಾಗೆ ಕೂತುಕೊಳ್ಳಬೇಕು ಎಂಬ ಆಸೆ ಆಗಿನ ದಿನಗಳಲ್ಲಿ ನನಗೆ ಹಸಿವಿನಂತೆ ಆಗಿತ್ತು.

ಆ ದಿನ ಬೆಳಿಗ್ಗೆ ಗದಗಿಗೆ ಹೋಗಿ ಬಂದಿದ್ದೆವು. ಯಂತ್ರ ಇಡಬೇಕೋ ಬೇಡವೋ ನಿರ್ಧರಿಸಲು ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟಕ್ಕೊಂದು ಸಣ್ಣ ಡಬ್ಬಿ ಕಟ್ಟಿ ಕಳಿಸಿದ್ದರು. ಮರುದಿನದವರೆಗೆ ಅದು ನನ್ನ ಪ್ರತಿ ಬಡಿತವನ್ನೂ ಬರೆದುಕೊಳ್ಳುತ್ತದಂತೆ. ಒಂದು ಕಡೆ ಅತ್ತೆ, ಒಂದು ಕಡೆ ಡಬ್ಬಿ. ಮಧ್ಯಾಹ್ನ ಅತ್ತೆಗೆ ಜೊಂಪು ಹತ್ತಿ ಬೆರಳು ಸಡಿಲವಾದವು. ಕೈಯನ್ನು ಮೆಲ್ಲಗೆ ಎಳೆದುಕೊಂಡು, ಕಾಲುಂಗುರ ಸಪ್ಪಳ ಮಾಡದಂತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ.

ಅಲ್ಲಿ ನಾನು ಏನೂ ಮಾಡಲಿಲ್ಲ. ಮಣೆಯ ಮೇಲೆ ಕುಳಿತೆ. ಮೇಲಿನ ಕಿಂಡಿಯಿಂದ ಬಿಸಿಲು ಬಂದು ಹಂಡೆಯ ಮೇಲೆ ಬಿದ್ದಿತ್ತು. ಇರುವೆಗಳು ಸೋಪಿನ ಚೂರನ್ನು ಬಳಸಿಕೊಂಡು ಹೋಗುತ್ತಿದ್ದವು. ಎಷ್ಟು ಸುಖವೆನ್ನಿಸಿತೆಂದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಬಿಸಿಲು ಅಂಚಿನಿಂದ ಕಪ್ಪಾಗುತ್ತ ಬಂತು. ಒಂದು ಬಡಿತ ಬಂತು. ಮುಂದಿನದಕ್ಕೆ ಕಾದೆ. ಬರಲಿಲ್ಲ. ಅತ್ತೀ ಎಂದು ಕೂಗಬೇಕೆಂದುಕೊಂಡದ್ದು ನೆನಪಿದೆ, ಕೂಗಲಿಲ್ಲ.

ಆ ಕತ್ತಲಲ್ಲಿ ಯಾರೋ ನನ್ನ ಎಡಗೈ ಮಣಿಕಟ್ಟು ಹಿಡಿದು ಜಗ್ಗಿದರು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಜಗ್ಗುತ್ತಾರಲ್ಲ, ಹಾಗೆ. ಎಚ್ಚರವಾದಾಗ ಕೆನ್ನೆ ಒದ್ದೆ ಕಲ್ಲಿನ ಮೇಲಿತ್ತು. ಎಡಗೈ ಮಾತ್ರ ನೆಲದ ಮೇಲಿರಲಿಲ್ಲ. ನೆಟ್ಟಗೆ ಮೇಲೆ ನಿಂತಿತ್ತು. ನಾನು ನೋಡುತ್ತಿದ್ದಂತೆಯೇ ಬಿಟ್ಟ ಹಾಗಾಗಿ ಕೆಳಗೆ ಬಿತ್ತು. ಚಿಲಕ ನಾನು ಹಾಕಿದಂತೆಯೇ ಇತ್ತು.

ಚಿಲಕ ತೆಗೆದು, ಗೋಡೆ ಹಿಡಿದು ಕೋಣೆಗೆ ಬಂದೆ. ಅತ್ತೆ ಮಂಚದ ಮೇಲೆ ಹಾಗೆಯೇ ಕುಳಿತಿದ್ದರು, ಕಣ್ಣು ಮುಚ್ಚಿತ್ತು. ಆದರೆ ಬೆರಳುಗಳು ಬರಿಗಾಳಿಯನ್ನು ಸುತ್ತಿ ಬಿಗಿದಿದ್ದವು, ಹೆಬ್ಬೆರಳು ನಿಧಾನವಾಗಿ ಅಲುಗುತ್ತಿತ್ತು. ನಾನು ಕುತ್ತಿಗೆಗೆ ಬೆರಳಿಟ್ಟುಕೊಂಡು ನೋಡಿದೆ. ನನ್ನ ಬಡಿತ ಬಂದಾಗ ಆ ಹೆಬ್ಬೆರಳು ಏಳುತ್ತಿತ್ತು, ತಡವಾದರೆ ಅದೂ ಕಾಯುತ್ತಿತ್ತು.

ಕಣ್ಣು ಬಿಟ್ಟವರು ನನ್ನನ್ನು ಎದುರಿಗೆ ನೋಡಿ, ತಮ್ಮ ಕೈ ನೋಡಿಕೊಂಡರು. "ಯಾವಾಗ ಎದ್ದಿ? ಈಗರ ನನ್ನ ಕೈಯಾಗ ಇತ್ತಲ್ಲ ನಿನ್ನ ಕೈ."

"ಈಗ ಎದ್ದೇರಿ" ಎಂದೆ.

"ನಡುವ ಒಮ್ಮಿ ನಿಂತಬಿಟ್ಟಿತ್ತ ನೋಡ. ನನ್ನ ಎದಿ ಧಸಕ್ ಅಂತು. ಜೋರ್ಲೆ ಜಗ್ಗಿದೆ. ಆಮ್ಯಾಲ ಚಾಲೂ ಆತು." ಹಾಲು ಉಕ್ಕಿದಾಗ ಒಲೆ ಸಣ್ಣ ಮಾಡಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ನನ್ನ ಒದ್ದೆ ಸೆರಗು ನೋಡಿ, "ಬಚ್ಚಲಕ್ಕ ಹೋಗಿದ್ದೇನ? ಇಂಗ್ಲಿಷ್ ಸಾಲಿ ಕಲತಾಕಿಗೆ ಕನ್ನಡದಾಗ ಹೇಳಿದ್ರ ತಿಳಿಯಂಗಿಲ್ಲ" ಎಂದು ಬೈದರು.

ಮರುದಿನ ಡಾಕ್ಟರು ಡಬ್ಬಿ ಬರೆದುಕೊಂಡದ್ದನ್ನು ಪರದೆಯ ಮೇಲೆ ತೋರಿಸಿದರು. ಬೆಟ್ಟ ಕಣಿವೆಗಳ ನಡುವೆ ಒಂದು ಕಡೆ ಬರೀ ಗೆರೆ. ಆ ಗೆರೆ ಮುಗಿಯುವಲ್ಲಿ, ಬಡಿತ ಶುರುವಾಗುವ ಮೊದಲು, ಒಂದು ಗೀಚು. "ಇಲ್ಲಿ ಯಾರಾದರೂ ನಿಮ್ಮನ್ನು ಹಿಡಿದು ಅಲುಗಾಡಿಸಿದರಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಹೆಮ್ಮೆಯಿಂದ, "ನಮ್ಮ ಅವ್ವ ಕೈ ಹಿಡ್ಕೊಂಡ ಕುಂತಿದ್ಲರಿ. ಆಕೀನ ಜಗ್ಗಿದ್ಲಂತ" ಎಂದರು.

"ಪುಣ್ಯಾತ್ಗಿತ್ತಿ" ಎಂದರು ಡಾಕ್ಟರು. ನಾನು ಚಿಲಕದ ವಿಷಯ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಅಂದೇ ಮತ್ತೆ ಆಸ್ಪತ್ರೆಗೆ ಸೇರಿಸಿಕೊಂಡರು. ನಿಧಾನವಾಗಿ ಔಷಧ ಹಿಡಿಯಿತು, ಎದೆಯಲ್ಲಿ ಯಂತ್ರ ಇಡುವ ಪ್ರಸಂಗ ಬರಲಿಲ್ಲ. ಈಗ ರೊಟ್ಟಿ ಬಡಿಯುತ್ತೇನೆ, ಸಂತೆಗೆ ಒಬ್ಬಳೇ ಹೋಗುತ್ತೇನೆ. ಆ ಮಧ್ಯಾಹ್ನದ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ಬೀಳುವಾಗ ತಂತಿ ಜಗ್ಗಿರಬಹುದು, ಅತ್ತೆಗೆ ಕನಸು ಬಿದ್ದಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ಕೊಡಬಲ್ಲೆ. ಎಲ್ಲವನ್ನೂ ಕೂಡಿಸಿ ಒಂದು ಉತ್ತರ ಕೊಡಲು ಇವತ್ತಿಗೂ ಆಗಿಲ್ಲ. ಅತ್ತೆಯನ್ನು ಕೇಳಿದರೆ, "ನಿಂತದ್ದನ್ನ ಚಾಲೂ ಮಾಡಿದ್ರ ಅದಕ್ಕೂ ತಕರಾರ ಏನ ನಿಂದು?" ಎನ್ನುತ್ತಾರೆ.

ಈ ತಿಂಗಳು ಅವರು ಮುಂಡರಗಿಯಲ್ಲಿದ್ದಾರೆ, ಮಗಳ ಮನೆಯಲ್ಲಿ. ಮಧ್ಯಾಹ್ನವೆಲ್ಲ ನಾನೊಬ್ಬಳೇ. ಊಟದ ಹೊತ್ತು ಮುಗಿದ ಮೇಲೆ ಅವರ ಫೋನ್ ಬರುತ್ತದೆ. ಹೆಂಗದಿ ಎಂದು ಕೇಳುವುದಿಲ್ಲ. "ಬರೋಬ್ಬರಿ ನಡದೈತಿ ಬಿಡ" ಎಂದು ಅವರೇ ಹೇಳಿ ಇಟ್ಟುಬಿಡುತ್ತಾರೆ.

ಇದನ್ನು ಬರೆಯುತ್ತಿರುವುದು ಯಾರಿಗೂ ಗೊತ್ತಿಲ್ಲ. ನಿನ್ನೆ ಬಚ್ಚಲಿನ ಭಾಗ ಬರೆಯುತ್ತಿದ್ದಾಗ ಫೋನ್ ಬಂತು. "ಯಾಕ ಯವ್ವಾ, ಇವತ್ತ ಇಷ್ಟ್ಯಾಕ ಓಡಾಕತ್ತೈತಿ?" ಎಂದರು.

"ಏನಿಲ್ಲರಿ, ಮೆಟ್ಟಲ ಹತ್ತಿ ಬಂದೆ" ಎಂದೆ. ನಮ್ಮ ಮನೆಗೆ ಮೆಟ್ಟಿಲುಗಳೇ ಇಲ್ಲ.

ಅತ್ತೆ, "ಆತು. ಸಾವಕಾಶ ಇಳಿ" ಎಂದು ಫೋನ್ ಇಟ್ಟರು.