ಮಾವ ಇದ್ದ ಸಿನಿಮಾ

ಬಚ್ಚಲುಮನೆಯಲ್ಲಿ ನಾನು ಹಾಡುತ್ತೇನೆ. ನೆರೆಹೊರೆಯವರಿಗೆ ಇದು ಹೇಗೂ ಗೊತ್ತಿರುವುದರಿಂದ ನಿಮಗೂ ಹೇಳಿಬಿಡುವುದು ವಾಸಿ. ಹಾಡುವುದೆಂದರೆ ಬರೀ ಪಲ್ಲವಿ, ಚರಣವಲ್ಲ. ನಡುವೆ ಬರುವ ಪಿಟೀಲು, ಗಿಟಾರು, ಡ್ರಮ್ಮು ಎಲ್ಲವನ್ನೂ ಬಾಯಲ್ಲೇ ನುಡಿಸುತ್ತೇನೆ. ಶ್ರುತಿ ಒಂದು ಕಡೆ, ನಾನು ಒಂದು ಕಡೆ. ಆದರೂ ಎಪ್ಪತ್ತರ ದಶಕದ ಒಂದು ಸಿನಿಮಾದ ಹಾಡುಗಳನ್ನು ಮಾತ್ರ ಒಂದಕ್ಷರ ತಪ್ಪದೆ ಒಪ್ಪಿಸಬಲ್ಲೆ. ಆ ಸಿನಿಮಾದ ಕಥೆ ಏನೆಂದು ಯಾರಾದರೂ ಕೇಳಿದರೆ ಸೋಪು ಹೋದವನಂತೆ ಕಣ್ಣುಜ್ಜಿಕೊಳ್ಳುತ್ತೇನೆ. ನನಗೊಬ್ಬನಿಗೇ ಅಲ್ಲ, ಚಿತ್ರದುರ್ಗ ಸೀಮೆಯಲ್ಲಿ ಯಾರಿಗೂ ಅದರ ಕಥೆ ಸರಿಯಾಗಿ ಗೊತ್ತಿಲ್ಲ.

ಹಾಡು ಗೆದ್ದು ಸಿನಿಮಾ ಸೋಲುವುದು ಹೊಸದೇನಲ್ಲ. ಉಪ್ಪಿನಕಾಯಿ ಚೆನ್ನಾಗಿದ್ದ ಊಟದಲ್ಲಿ ಸಾರು ಯಾವುದಿತ್ತೆಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಂಪನಿ ನಾಟಕಗಳ ಕಾಲದಲ್ಲಿ ಸತ್ತುಬಿದ್ದ ರಾಜನಿಗೂ ಜನ ‘ಒನ್ಸ್ ಮೋರ್’ ಎಂದರೆ ಅವನು ಎದ್ದು, ಮೈ ಧೂಳು ಕೊಡವಿಕೊಂಡು, ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದನಂತೆ. ಯಾಕೆ ಸತ್ತ, ಯಾರು ಕೊಂದರು ಎನ್ನುವುದು ಯಾರಿಗೂ ಬೇಕಿರಲಿಲ್ಲ. ನಾವು ಹಾಡಿಗೆ ಬಾಯಿಬಿಡುವ ಜನ, ಕಥೆಯನ್ನು ಬೇಕಾದರೆ ಮನೆಯಲ್ಲೇ ಕಟ್ಟಿಕೊಳ್ಳುತ್ತೇವೆ. ಇದನ್ನೆಲ್ಲ ನಾನು ನಗುತ್ತಲೇ ಹೇಳುತ್ತಿದ್ದೆ, ಆ ಸಿನಿಮಾದ ಒಳಗೆ ನಮ್ಮ ಮಾವ ಇರದೇ ಹೋಗಿದ್ದರೆ.

ತಿಪ್ಪೇಸ್ವಾಮಿ ಮಾವ ನಮ್ಮಪ್ಪನ ತಂಗಿ ಗೌರತ್ತೆಯ ಗಂಡ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರು. ಮನೆ ಹೊಳಲ್ಕೆರೆಯಲ್ಲಿ. ನಾನು ಅವರ ಮನೆಯಲ್ಲೇ ಇದ್ದುಕೊಂಡು ಚಿತ್ರದುರ್ಗದ ಕಾಲೇಜಿಗೆ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಸ್ಸೆಂದರೆ ನೀವು ಇವತ್ತಿನದನ್ನು ನೆನೆಸಿಕೊಳ್ಳಬೇಡಿ. ಬಾಳೆಗೊನೆ, ಮೇಕೆ, ಬಾಣಂತಿ, ಹೈಸ್ಕೂಲು ಮೇಷ್ಟ್ರು ಎಲ್ಲ ಒಟ್ಟಿಗೆ ಹೋಗುತ್ತಿದ್ದ ಬಸ್ಸು ಅದು. ಉಸಿರಾಡಲೂ ಜಾಗವಿಲ್ಲದಾಗ ಮಾವ ಫುಟ್‌ಬೋರ್ಡಿನಿಂದ, “ಮುಂದಕ್ಕೆ ಬರ್ರಿ, ಇನ್ನೂ ಜಾಗ ಐತೆ” ಎನ್ನುತ್ತಿದ್ದರು. ಆ ದನಿಯಲ್ಲಿ ಎಂಥ ನಂಬಿಕೆ ಇರುತ್ತಿತ್ತೆಂದರೆ, ನಿಜವಾಗಿಯೂ ಎಲ್ಲೋ ಒಂದಿಷ್ಟು ಜಾಗ ಹುಟ್ಟುತ್ತಿತ್ತು.

ಆ ಸಿನಿಮಾದವರು ಕೋಟೆಯಲ್ಲಿ ಹಾಡಿನ ಚಿತ್ರೀಕರಣಕ್ಕೆಂದು ಬಂದಿದ್ದರು. ಹಾಡು ಮುಗಿದ ಮೇಲೆ, ನಾಯಕಿ ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗುವ ದೃಶ್ಯಕ್ಕೆ ಒಂದು ಬಸ್ಸು ಬೇಕಾಯಿತು. ನಮ್ಮ ಬಸ್ಸಿನ ಮಾಲೀಕರು ಒಪ್ಪಿದರು. ಬಸ್ಸಿನ ಜೊತೆ ಡ್ರೈವರು, ಕಂಡಕ್ಟರು ಹೋಗಲೇಬೇಕಲ್ಲ, ಹೋದರು. ಕಂಡಕ್ಟರನ ಪಾತ್ರಕ್ಕೆ ಅವರೇ ಒಬ್ಬ ನಟನನ್ನು ಕರೆತಂದಿದ್ದರು. ಪಾಪ, ಅವನು ಬಸ್ಸು ಹೊರಟ ಕೂಡಲೇ ಸೀಟಿ ಬಿಟ್ಟು ಕಂಬಿ ಹಿಡಿದುಕೊಂಡನಂತೆ. ಎರಡನೇ ಸಲ ಕಂಬಿ ಬಿಟ್ಟು ಸೀಟಿ ಹಿಡಿದುಕೊಂಡನಂತೆ, ಆಗ ರಸ್ತೆಗೇ ಬಿದ್ದನಂತೆ. ನಿರ್ದೇಶಕರು ಮಾವನ ಕಡೆ ತಿರುಗಿ, “ನೀವೇ ನಿಂತ್ಕೊಳ್ಳಿ, ದಿನಾ ಏನು ಹೇಳ್ತೀರೋ ಅದನ್ನೇ ಹೇಳಿ” ಎಂದರು. ಮಾವ ಹೇಳಿದರು. ನಾಯಕಿ ಹತ್ತಿದಳು. ಅಷ್ಟೇ ಪಾತ್ರ.

ಅದಾದ ಮೇಲೆ ಮಾವ ನಮ್ಮ ದಾರಿಯಲ್ಲಿ ದೊಡ್ಡ ಮನುಷ್ಯರಾದರು. ಬಿ.ದುರ್ಗದ ಕಡೆಯಿಂದ ಬರುತ್ತಿದ್ದ ಅಜ್ಜಿಯಂದಿರು ಚೀಟಿ ತೆಗೆದುಕೊಳ್ಳುವ ಮೊದಲು ಅವರ ಮುಖವನ್ನು ಒಂದು ಗಳಿಗೆ ನೋಡುತ್ತಿದ್ದರು. ಮಾವ ದಿನಾ ಗಡ್ಡ ಹೆರೆಯಲು ಶುರುಮಾಡಿದರು. ಗೌರತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅವರ ಖಾಕಿ ಅಂಗಿಗೆ ಸ್ವಲ್ಪ ಹೆಚ್ಚು ನೀಲಿ ಹಾಕಿ, ಅದು ಖಾಕಿಯೋ ನೀಲಿಯೋ ಎಂದು ತಿಳಿಯದ ಹಾಗೆ ಮಾಡಿಟ್ಟಿದ್ದರು.

ಸಿನಿಮಾ ಬರುವ ಮೊದಲೇ ಅದರ ಪ್ಲೇಟು ಬಂತು. ಗ್ರಾಮಾಫೋನ್ ತಟ್ಟೆಗೆ ನಮ್ಮ ಕಡೆ ಪ್ಲೇಟು ಅನ್ನುತ್ತಿದ್ದೆವು. ಬಂದದ್ದೇ ತಡ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದೇ, ರೇಡಿಯೋದ ಕೋರಿಕೆ ಕಾರ್ಯಕ್ರಮದಲ್ಲಿ ಅದೇ, ಹಿರಿಯೂರಿನ ಮದುವೆಯಲ್ಲೂ ಹೊಸದುರ್ಗದ ನಾಮಕರಣದಲ್ಲೂ ಅದೇ. ಬೇವಿನ ಮರಕ್ಕೆ ಮೈಕು ಕಟ್ಟಿದರೆ ಮೊದಲು ದೇವರ ಹಾಡು, ಎರಡನೆಯದು ಇದು. ಒಂದು ಪಾಪ್ ಧಾಟಿಯ ಹಾಡಿತ್ತು, ಡ್ರಮ್ಮು ಬಡಿದು ಗಿಟಾರು ಮೀಟಿ ಹಾಡುವಂಥದ್ದು. ಅದನ್ನು ತಾಳಿ ಕಟ್ಟುವ ಹೊತ್ತಿಗೆ ಹಾಕಿ ಮೈಕಿನವನು ಒಂದು ಕಡೆ ಬೈಸಿಕೊಂಡದ್ದೂ ಉಂಟು.

ಸಿನಿಮಾ ಚಿತ್ರದುರ್ಗಕ್ಕೂ ಬಂತು. ಮಾವನ ಬಸ್ಸು ನಿಲ್ಲುವ ಜಾಗದಿಂದ ಟಾಕೀಸಿನ ಗೋಡೆ ಕಾಣುತ್ತಿತ್ತು. ಪೋಸ್ಟರ್ ನೋಡಿ ನಾನು, “ಮಾವ, ಮ್ಯಾಟ್ನಿಗೆ ಹೋಗಿ ಬಂದುಬಿಡೋಣ” ಎಂದೆ.

“ಬ್ಯಾಡ ಕಣಪ್ಪ. ನಾವಿಬ್ರೇ ಕದ್ದು ನೋಡಿದಂಗೆ ಆಗ್ತೈತೆ. ನಮ್ಮೂರು ಟೆಂಟಿಗೆ ಬರ್ಲಿ, ನಿಮ್ಮತ್ತೆ, ನಮ್ಮವ್ವ, ಓಣಿಯೋರು ಎಲ್ಲಾ ಕುಂತು ನೋಡಾಣ. ನೀನೂ ನೋಡ್ಬ್ಯಾಡ.”

ಟೆಂಟೆಂದರೆ ಹೊಳಲ್ಕೆರೆಯ ಟೂರಿಂಗ್ ಟಾಕೀಸು. ಪಟ್ಟಣದಲ್ಲಿ ಓಡಿ ಓಡಿ ಸುಸ್ತಾದ ಸಿನಿಮಾಗಳು ಕೊನೆಗೆ ಅಲ್ಲಿಗೆ ಬಂದು ನೆಲಕ್ಕೆ ಕೂರುತ್ತಿದ್ದವು. ಹೆಚ್ಚು ಓಡಿದ ಸಿನಿಮಾ ತಡವಾಗಿ ಬರುತ್ತಿತ್ತು, ಓಡದ್ದು ಬೇಗ ಬರುತ್ತಿತ್ತು. ಇದು ನಮಗೆಲ್ಲ ತಿಳಿದ ಲೆಕ್ಕ. ಈ ಲೆಕ್ಕವೇ ನಮ್ಮನ್ನು ಕೆಡಿಸಿತು. ಚಿತ್ರದುರ್ಗದಲ್ಲಿ ಆ ಸಿನಿಮಾ ವಾರ ತುಂಬುವುದರೊಳಗೆ ಎದ್ದುಹೋಯಿತು. ಮಾವ ಗಾಬರಿಯಾಗಲಿಲ್ಲ. “ಹಾಡು ಈ ಪರಿ ಹೊಡೀತಾ ಅವೆ ಅಂದ್ರೆ ಬೆಂಗಳೂರಾಗೆ ಪ್ರಿಂಟ್ ಸಾಲ್ತಿಲ್ಲ ಅಂತ ಅರ್ಥ. ಅದಕ್ಕೇ ಇಲ್ಲಿಂದ ಎತ್ಕಂಡು ಹೋಗ್ಯಾರೆ” ಎಂದರು. ತರ್ಕಶಾಸ್ತ್ರ ಓದುತ್ತಿದ್ದ ನಾನೂ ಹೌದೆಂದೆ. ಮಳೆಗಾಲ ಕಳೆಯಿತು, ಸಿನಿಮಾ ಬರಲಿಲ್ಲ. ಬಾರದೆ ಇದ್ದಷ್ಟೂ ಅದು ಎಲ್ಲೋ ಜೋರಾಗಿ ಓಡುತ್ತಿದೆ ಎನ್ನುವ ನಮ್ಮ ನಂಬಿಕೆ ಗಟ್ಟಿಯಾಯಿತು. ಸೋತ ಸಿನಿಮಾದ ಗೆಲುವನ್ನು ನಮ್ಮಷ್ಟು ಸಂಭ್ರಮಿಸಿದವರು ಬೇರೆ ಇರಲಿಕ್ಕಿಲ್ಲ.

ಇದಕ್ಕೆ ಸರಿಯಾಗಿ ಟೆಂಟಿನವನು, ಆಟಕ್ಕೆ ಮುಂಚೆ ಜನ ಸೇರಿಸಲು, ದಿನಾ ಸಂಜೆ ಮೈಕಿನಲ್ಲಿ ಇದೇ ಪ್ಲೇಟು ಹಾಕುತ್ತಿದ್ದ. ಒಳಗೆ ಬೇರೆ ಸಿನಿಮಾ, ಹೊರಗೆ ಇದರ ಹಾಡು. ಹಾಡು ಕೇಳಿದ ಕೂಡಲೇ ಗೌರತ್ತೆ ಒಲೆ ಮೇಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬರುತ್ತಿದ್ದರು. “ಇವತ್ತೇನಾದ್ರೂ ಹಾಕ್ಯಾರೇನು ನೋಡಿ ಬಾರೋ” ಎಂದು ನನ್ನನ್ನು ಕಳಿಸುತ್ತಿದ್ದರು. ನಾನು ಹೋಗಿ ಪೋಸ್ಟರ್ ನೋಡಿ ಬರುತ್ತಿದ್ದೆ. ಅತ್ತೆ ಪಾತ್ರೆಯನ್ನು ಮತ್ತೆ ಒಲೆಗಿಡುತ್ತಿದ್ದರು. ಆ ಹೊತ್ತಿನ ಅವರ ಮುಖ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಸಿನಿಮಾ ಚಿತ್ರದುರ್ಗದಲ್ಲಿದ್ದಾಗಲೇ ಅವರನ್ನು ಕರೆದುಕೊಂಡು ಹೋಗಿ ಕೂರಿಸಬಾರದಿತ್ತೇ ಅನ್ನಿಸುತ್ತದೆ. ಎಷ್ಟು ಹತ್ತಿರವಿತ್ತು.

ಕಡೆಗೂ ಬಂತು. ಜಟಕಾ ಗಾಡಿಗೆ ಎರಡೂ ಕಡೆ ಪೋಸ್ಟರ್ ಕಟ್ಟಿಕೊಂಡು, ತಮಟೆ ಬಾರಿಸಿಕೊಂಡು, ಬಣ್ಣದ ಚೀಟಿ ಎರಚಿಕೊಂಡು ಊರೆಲ್ಲ ಸುತ್ತಿದರು. ಆ ದಿನ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಅಡುಗೆ ಬೇಗ ಮುಗಿಯಿತು. ಮಾವನ ತಾಯಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಹೋಟೆಲಿನ ಬಸಪ್ಪನವರು ಅಂಗಡಿ ಮುಚ್ಚಿ ಬಂದರು. ನಾವೆಲ್ಲ ಎರಡು ಸಾಲು ಬೆಂಚು ಹಿಡಿದು ಕೂತೆವು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗೂ, “ಕುಂತ್ಕಳ್ರಿ, ಕುಂತ್ಕಳ್ರಿ” ಎನ್ನುತ್ತಾ ಮದುವೆ ಮನೆಯ ಯಜಮಾನರ ಹಾಗೆ ಓಡಾಡಿದರು.

ಮೊದಲ ಹಾಡು ಬಂತು, ಶಿಳ್ಳೆ. ಎರಡನೆಯದು ಬಂತು, ಜನ ಕೂಗಿ ಮತ್ತೊಮ್ಮೆ ಹಾಕಿಸಿದರು. ಕೋಟೆಯ ಹಾಡಿಗೆ ಟೆಂಟೇ ಎದ್ದು ಕುಣಿಯಿತು. ಆಮೇಲೆ ನಾಯಕಿ ಗಂಟು ಹಿಡಿದು ರಸ್ತೆ ಪಕ್ಕ ಬಂದು ನಿಂತಳು. “ಇಗೋ, ಇವಾಗ” ಎಂದು ಮಾವ ಅತ್ತೆಯ ಕಡೆ ಬಾಗಿದರು. ಅತ್ತೆ ಸೆರಗು ಸರಿಮಾಡಿಕೊಂಡರು. ತೆರೆ ಒಂದು ಸಲ ಕುಪ್ಪಳಿಸಿತು. ನಾಯಕಿ ಪಟ್ಟಣದ ದೊಡ್ಡ ಮನೆಯೊಂದರ ಮುಂದೆ ನಿಂತು ಬಾಗಿಲು ತಟ್ಟುತ್ತಿದ್ದಳು, ಮತ್ತು ಹಾಡು ಶುರುವಾಯಿತು. ರಸ್ತೆ ಪಕ್ಕದಿಂದ ಅಲ್ಲಿಗೆ ಅವಳು ಹೇಗೆ ಬಂದಳೆಂದು ಇಡೀ ಟೆಂಟಿನಲ್ಲಿ ನಮ್ಮ ಎರಡು ಸಾಲು ಬಿಟ್ಟು ಯಾರೂ ಕೇಳಲಿಲ್ಲ.

ಆಟ ಮುಗಿದ ಮೇಲೆ ಮಾವ ಆಪರೇಟರ್ ಹತ್ತಿರ ಹೋದರು. ನಾನೂ ಜೊತೆಗಿದ್ದೆ. “ಬಸ್ಸಿಂದು ಒಂದು ಸೀನ್ ಇತ್ತಲ್ಲಪ್ಪ” ಎಂದರು.

“ಪ್ರಿಂಟ್ ಹಿಂಗೇ ಬಂದೈತ್ರಿ. ಮಾತು ಬಂದ್ರೆ ಜನ ಎದ್ದು ಹೋಗ್ತಾರೆ ಅಂತ ಅಲ್ಲೇ ಕತ್ತರಿಸ್ಯಾರೆ. ಹಾಡು ಮಾತ್ರ ಒಂದೂ ಮುಟ್ಟಿಲ್ಲ ನೋಡ್ರಿ” ಎಂದ ಅವನು, ನಮಗೆ ಸಮಾಧಾನವಾಗಲೆಂದೇ.

ದಾರಿಯಲ್ಲಿ ಮಾವನ ತಾಯಿ, “ಎಲ್ಲಿ ಬಂದ್ಯೋ ನೀನು, ನಂಗೆ ಕಣ್ಣು ಮಂಜು” ಎಂದರು. ಮಾವ ಅವರ ಕೈ ಹಿಡಿದು, “ಬಂದಿದ್ದೆ ಬಿಡವ್ವ” ಎಂದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ, ಬಿ.ದುರ್ಗದ ಕಡೆಯ ಅಜ್ಜಿಯೊಬ್ಬಳು ಚೀಟಿ ಕೇಳುವ ಮೊದಲು, “ನಿನ್ನೆ ಸಿನಿಮಾದಾಗೆ ಬಂದ್ಯೇನಪ್ಪ?” ಎಂದಳು. ಮಾವ ಬಾಯಿ ತೆರೆಯುವುದರೊಳಗೆ ಹಿಂದಿನ ಸೀಟಿನಿಂದ ಬಸಪ್ಪನವರು, “ಬಂದಿದ್ರಲ್ಲ ಅಜ್ಜಿ. ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತೀಯ” ಎಂದರು. ಪಕ್ಕದವರು ಹೌದೆಂದರು. ರಾತ್ರಿ ಟೆಂಟಿನಲ್ಲಿದ್ದವರೆಲ್ಲ ಹೌದೆಂದರು. ಮಾವ ಚೀಟಿ ಹರಿದು ಅಜ್ಜಿಯ ಕೈಗಿಟ್ಟು, ತಲೆ ತಗ್ಗಿಸಿಕೊಂಡು ಮುಂದಿನ ಸೀಟಿಗೆ ಹೋದರು. ಅವತ್ತಿನಿಂದ ಊರಿನಲ್ಲಿ ಅದೇ ಮಾತು ನಿಂತಿತು. ಯಾರೂ ಕೂತು ನಿರ್ಧರಿಸಿದ್ದಲ್ಲ. ದಿನ ಕಳೆದಂತೆ ಮಾವ ಸಿನಿಮಾದಲ್ಲಿ ನಕ್ಕದ್ದನ್ನು ಕೆಲವರು ನೋಡಿದರು, ನಾಯಕಿಗೆ ಸೀಟು ಹಿಡಿದುಕೊಟ್ಟದ್ದನ್ನು ಇನ್ನು ಕೆಲವರು ನೋಡಿದರು. ನಾನೂ ನನ್ನ ಮಕ್ಕಳಿಗೆ ಹಾಗೆಯೇ ಹೇಳಿದ್ದೇನೆ. ಹೇಳುವಾಗ ಕಣ್ಣ ಮುಂದೆ ಕಾಣುತ್ತದೆ ಕೂಡ.

ಮಾವ ಈಗಿಲ್ಲ. ಆ ಸಿನಿಮಾದ ಪೂರ್ತಿ ಪ್ರಿಂಟು ಎಲ್ಲಿಯೂ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಹಾಡುಗಳು ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿವೆ. ಹೋದ ಸಲ ಹಿರಿಯೂರಿನಲ್ಲಿ ನಮ್ಮ ಕಡೆಯದೇ ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಕೋಟೆಯ ಹಾಡು ಬಂತು. ಹುಡುಗಿಯ ಕಡೆಯ ಹೆಂಗಸೊಬ್ಬರು ಗೌರತ್ತೆಯ ಪಕ್ಕ ಕೂತು, “ನಿಮ್ಮ ಯಜಮಾನ್ರು ಈ ಸಿನಿಮಾದಾಗೆ ಇದ್ರಂತಲ್ರಿ?” ಎಂದರು. ಯಾವತ್ತೂ ಹೇಳುವ ವರ್ಣನೆಗೆ ನಾನು ಗಂಟಲು ಸರಿಮಾಡಿಕೊಂಡೆ. ಅತ್ತೆ ಎಲೆಯ ಮೇಲಿನ ಅನ್ನವನ್ನು ಬೆರಳಲ್ಲಿ ಸ್ವಲ್ಪ ಸರಿಸಿದರು.

“ಇದ್ರಮ್ಮ. ಊರೋರೆಲ್ಲ ನೋಡ್ಯಾರೆ” ಎಂದರು. “ನಂಗೊಬ್ಬಳಿಗೇ ಕಾಣ್ಲಿಲ್ಲ.”