ಸತ್ತ ರಾಣಿಗೆ ಶರಣಾದರೆ ಲೆಕ್ಕಕ್ಕಿಲ್ಲ

ನಾನೂರು ವರ್ಷದ ಹಿಂದೆ ಐರ್ಲೆಂಡಿನವರು ಇಂಗ್ಲೆಂಡಿನ ಆಳ್ವಿಕೆಯ ವಿರುದ್ಧ ಒಂಬತ್ತು ವರ್ಷ ದಂಗೆ ನಡೆಸಿ ಕೊನೆಗೆ ಸೋತರು. ಕೊಪ್ಪದ ಕಾಲೇಜೊಂದರ ಅಟೆಂಡರ್ ಗೋದಾವರಿ ಇದನ್ನು ಒಪ್ಪಲಿಲ್ಲ. ಒಪ್ಪದೆ ಅವಳೂ ಒಂಬತ್ತು ವರ್ಷ ಕಳೆದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಇಪ್ಪತ್ತೆರಡು ವರ್ಷ ಅವಳು ಆ ಕಾಲೇಜಿನಲ್ಲಿ ನಿಂತೇ ಇದ್ದಳು. ಪ್ರಿನ್ಸಿಪಾಲರ ಬಾಗಿಲ ಬಳಿ, ಸ್ಟಾಫ್ ರೂಮಿನ ಕಿಟಕಿಯ ಬಳಿ, ಗಂಟೆಯ ಕೆಳಗೆ. ಬಿ.ಎ. ಪಾಸಾದರೆ, ಗುಮಾಸ್ತ ಕಲ್ಲೇಶಪ್ಪ ನಿವೃತ್ತರಾದ ದಿನ ಅವರ ಕುರ್ಚಿ ಅವಳದು ಎಂದು ಆಡಳಿತ ಮಂಡಳಿಯವರು ಮಾತು ಕೊಟ್ಟಿದ್ದರು. ಖಾಸಗಿಯಾಗಿ ಕಟ್ಟಿದ ಪರೀಕ್ಷೆಯಲ್ಲಿ ಬೇರೆಲ್ಲ ಪೇಪರುಗಳನ್ನು ಅವಳು ಒಂದೇ ಸಲಕ್ಕೆ ದಾಟಿದ್ದಳು. ಉಳಿದದ್ದು ಇಂಗ್ಲೆಂಡಿನ ಇತಿಹಾಸ. ಅದರಲ್ಲಿ ಪ್ರತಿ ವರ್ಷವೂ, ಪ್ರಶ್ನೆ ತೆಗೆಯುವವರಿಗೆ ಇನ್ನೊಂದು ಪ್ರಶ್ನೆ ಗೊತ್ತೇ ಇಲ್ಲವೇನೋ ಎಂಬಂತೆ, ಹದಿನೈದು ಅಂಕಕ್ಕೆ ಅದೇ ಬರುತ್ತಿತ್ತು: ‘ಐರಿಷ್ ದಂಗೆ ಏಕೆ ವಿಫಲವಾಯಿತು?’

ಮೊದಲ ಎರಡು ವರ್ಷ ಫೇಲಾದದ್ದಕ್ಕೆ ದಂಗೆ ಕಾರಣವಲ್ಲ. ಪರೀಕ್ಷೆ ಅದೇ ಕಾಲೇಜಿನಲ್ಲಿ, ಗಂಟೆ ಹೊಡೆಯಲು ಬೇರೆ ಜನ ಇರಲಿಲ್ಲ. ಅರ್ಧ ಗಂಟೆಗೊಮ್ಮೆ ಅವಳು ಪೆನ್ನು ಕೆಳಗಿಟ್ಟು, ಅನುಮತಿ ಕೇಳಿ, ಹೊರಗೆ ಹೋಗಿ ಗಂಟೆ ಹೊಡೆದು ಬಂದು ಮತ್ತೆ ಬರೆಯುತ್ತಿದ್ದಳು. ಉತ್ತರ ಅರ್ಧದಲ್ಲಿರುವಾಗಲೇ ಕೊನೆಯ ಗಂಟೆಯನ್ನೂ ತಾನೇ, ಒಂದು ನಿಮಿಷ ಆಚೀಚೆ ಮಾಡದೆ ಹೊಡೆದಳು. ಮೂರನೇ ವರ್ಷದಿಂದ ಆ ಕೆಲಸಕ್ಕೆ ಮಾಲಿ ಬೂತಪ್ಪ ಬಂದ. ಆಮೇಲಿನ ಸೋಲೆಲ್ಲ ಅವಳ ಸ್ವಂತದ್ದು.

ಇತಿಹಾಸದ ಮೇಷ್ಟ್ರು ಉಮಾಮಹೇಶ್ವರ ಪ್ರತಿ ಮಾರ್ಚಿನಲ್ಲಿ ಅವಳನ್ನು ಖಾಲಿ ಕ್ಲಾಸಿನಲ್ಲಿ ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

“ಹೇಳು, ಒಂದನೇ ಕಾರಣ.”

“ಸ್ಪೇನಿನವ್ರು ಸಹಾಯಕ್ಕೆ ಬಂದ್ರು ಸರ್. ತಡವಾಗಿ ಬಂದ್ರು, ಬಂದದ್ದೂ ಸ್ವಲ್ಪವೇ ಜನ. ನೀಲಣ್ಣ ಇದ್ದದ್ದು ಉತ್ತರದಲ್ಲಿ, ಇವ್ರು ಹಡಗಿಂದ ಇಳಿದದ್ದು ದಕ್ಷಿಣದ ಕಿನ್ಸೇಲಲ್ಲಿ. ಎನ್.ಆರ್. ಪುರದಲ್ಲಿ ಜಗಳ, ಬನ್ನಿ ಅಂದ್ರೆ ಶೃಂಗೇರಿ ಆಚೆ ಕೆರೆಕಟ್ಟೆಲಿ ಬಸ್ ಇಳಿದು ‘ಎಲ್ಲಿದೀರಿ ಮಾರಾಯ್ರೆ’ ಅಂದಂಗೆ.”

ದಂಗೆಯ ನಾಯಕ ಹ್ಯೂ ಓನೀಲ್ ಅವಳ ಬಾಯಲ್ಲಿ ಎಂದೋ ನೀಲಣ್ಣನಾಗಿದ್ದ.

“ನೀಲಣ್ಣ ಅಂತ ಬರೀಬೇಡ ಮಾರಾಯ್ತಿ. ಎರಡನೇದು?”

“ಆ ಚಳಿಲಿ ನೀಲಣ್ಣನ ಜನ ಅಷ್ಟುದ್ದ ದೇಶ ನಡ್ಕೊಂಡು ಹೋದ್ರು. ಮೂರು, ಕಾಡು, ಜವುಗು ಬಿಟ್ಟು ಬಯಲಲ್ಲಿ ಯುದ್ಧಕ್ಕೆ ನಿಂತ್ರು. ಅಲ್ಲೀವರೆಗೆ ಗೆದ್ದದ್ದೆಲ್ಲ ಕಾಡುದಾರಿಲಿ ಅಡಗಿ ಕೂತೇ. ನಾಲ್ಕು, ಇಂಗ್ಲಿಷಿನವ್ರು ಪೈರು ಸುಟ್ರು, ಜನ ಹಸಿದು ಸತ್ರು. ಐದು, ಜೊತೆಗಿದ್ದ ಪಾಳೇಗಾರರು ಒಬ್ಬೊಬ್ರೇ ಆಚೆ ಕಡೆಗೆ ಸೇರ್ಕೊಂಡ್ರು.”

“ಭೇಷ್! ಆದ್ದರಿಂದ?”

ಪ್ರತಿ ವರ್ಷ ಇಲ್ಲಿಯೇ ಗಾಡಿ ನಿಲ್ಲುತ್ತಿತ್ತು.

“ಆದ್ದರಿಂದ ದಂಗೆ ವಿಫಲವಾಯಿತು. ಅಷ್ಟು ಹೇಳಿಬಿಡು.”

“ಅದ್ ಹ್ಯಾಂಗೆ ಸರ್? ನೀಲಣ್ಣ ಶರಣಾದದ್ದು ಇಂಗ್ಲೆಂಡಿನ ರಾಣಿ ಸತ್ತು ಆರನೇ ದಿನಕ್ಕೆ. ಅವಳ ಸೇನಾಪತಿಗೆ ಸುದ್ದಿ ಗೊತ್ತಿತ್ತು, ಮುಚ್ಚಿಟ್ಟ. ಇವ್ನು ಮಂಡಿ ಊರಿ ಕ್ಷಮೆ ಕೇಳಿದ್ದು ಸತ್ತೋಳ ಹತ್ರ. ಅದೂ ಸೂತಕದಲ್ಲಿ. ಅದೆಲ್ಲ ಲೆಕ್ಕಕ್ಕುಂಟಾ?”

“ಇಂಗ್ಲೆಂಡಲ್ಲಿ ಸೂತಕ ಇಲ್ಲ ಗೋದಾವರಿ.”

“ಸಾವು ಉಂಟಲ್ಲ ಸರ್?”

ಮೇಷ್ಟ್ರು ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು. ಗೋದಾವರಿ ಪರೀಕ್ಷೆಯಲ್ಲಿ ಐದೂ ಕಾರಣಗಳನ್ನು ದುಂಡಗೆ ಬರೆದು, ಕೆಳಗೆ ‘ಆದರೂ ದಂಗೆ ವಿಫಲವಾಗಲಿಲ್ಲ, ಏಕೆಂದರೆ ಸತ್ತ ರಾಣಿಗೆ ಶರಣಾದದ್ದು ಲೆಕ್ಕಕ್ಕೆ ಬಾರದು’ ಎಂದು ಸೇರಿಸುತ್ತಿದ್ದಳು. ಅಂಕ ಮೂವತ್ತೊಂದು, ಮೂವತ್ತೆರಡು, ಮತ್ತೆ ಮೂವತ್ತೊಂದು.

ಮೇಷ್ಟ್ರಿಗೆ ಅವಳು ಹೇಳದ ಒಂದು ಸಂಗತಿ ಇತ್ತು. ಅವಳ ಮದುವೆ ಶೃಂಗೇರಿಯ ಛತ್ರದಲ್ಲಿ ನಡೆದ ದಿನ, ಬೆಳಿಗ್ಗೆಯೇ, ಸಿರಿಮನೆ ಎಂಬ ಹಳ್ಳಿಯಲ್ಲಿ ಅವಳ ಅಜ್ಜಿ ತೀರಿಕೊಂಡಿದ್ದಳು. ಮುಹೂರ್ತ ತಪ್ಪಬಾರದೆಂದು ಊಟದ ಕೊನೆಯ ಪಂಕ್ತಿ ಏಳುವವರೆಗೆ ಯಾರೂ ಬಾಯಿಬಿಡಲಿಲ್ಲ. ಫೋಟೋಗಳಲ್ಲಿ ಗೋದಾವರಿ ನಗುತ್ತಿದ್ದಾಳೆ. ಗಂಡ ಒಳ್ಳೆಯವನೇ, ಅದಲ್ಲ. ಆ ನಗು ಮಾತ್ರ ತಾನು ನಕ್ಕದ್ದಲ್ಲ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ವಿಶ್ವವಿದ್ಯಾಲಯದ ಸುತ್ತೋಲೆ ಬಂತು. ಹಳೆಯ ಪಠ್ಯಕ್ಕೆ ಇದೇ ಕೊನೆಯ ಪರೀಕ್ಷೆ. ಕಲ್ಲೇಶಪ್ಪ ಜುಲೈಯಲ್ಲಿ ನಿವೃತ್ತರಾಗುವವರು. ಈ ಸಲ ಫೇಲಾದರೆ ಕುರ್ಚಿ ಹೊರಗಿನವರಿಗೆ.

“ಒಂದು ಶಬ್ದ ಗೋದಾವರಿ,” ಮೇಷ್ಟ್ರು ಹೆಚ್ಚುಕಡಿಮೆ ಕೈಮುಗಿದರು. “ವಿಫಲವಾಯಿತು. ನಿನ್ನ ನೀಲಣ್ಣ ಸತ್ತು ನಾನೂರು ವರ್ಷ ಆಗ್ತಾ ಬಂತು. ಅವ್ನೇನು ಬಂದು ನೋಡ್ತಾನಾ?”

“ನೋಡಲ್ಲ ಅಂತ ಸುಳ್ಳು ಬರೆಯೋದಾ ಸರ್?”

ಪರೀಕ್ಷೆಯ ದಿನ ಪ್ರಶ್ನೆ ಅದೇ ಬಂತು. ಐದು ಕಾರಣ ಬರೆದಳು. ಆರನೇ ಸಾಲಿಗೆ ‘ಆದ್ದರಿಂದ’ ಎಂದು ಬರೆದು ಪೆನ್ನು ನಿಂತಿತು. ಹೊರಗೆ ಬೂತಪ್ಪ ಎಚ್ಚರಿಕೆಯ ಗಂಟೆ ಹೊಡೆದ. ಇನ್ನು ಹತ್ತು ನಿಮಿಷ. ಕುರ್ಚಿ ಕಣ್ಣ ಮುಂದೆ ಬಂತು, ಅದರ ಬೆತ್ತದ ಬೆನ್ನು, ಕಲ್ಲೇಶಪ್ಪ ಕೂತು ಕೂತು ತಗ್ಗಾದ ನಡು. ಅವಳು ಬಗ್ಗಿ ಸಾಲು ಮುಗಿಸಿದಳು.

ಮೇಷ್ಟ್ರು ಮೆಟ್ಟಿಲ ಬಳಿ ಕಾದಿದ್ದರು. “ಬರೆದ್ಯಾ?”

“ಬರ್ದೆ.”

“ವಿಫಲವಾಯಿತು ಅಂತ?”

“‘ಆದ್ದರಿಂದ ದಂಗೆ ವಿಫಲವಾಯಿತು ಎಂದು ನಮ್ಮ ಸರ್ ಹೇಳುತ್ತಾರೆ’ ಅಂತ.”

ಮೇಷ್ಟ್ರು ಮೆಟ್ಟಿಲ ಮೇಲೆ ಕೂತೇಬಿಟ್ಟರು. “ನನ್ನ ಹೆಸ್ರೂ ಬರೆದ್ಯಾ?”

“ಹೆಸ್ರು ಬರೆದ್ರೆ ಡಿಬಾರ್ ಮಾಡ್ತಾರೆ ಸರ್. ಅಷ್ಟೂ ತಿಳಿಯದವಳಾ ನಾನು?”

ಫಲಿತಾಂಶ ಬಂದಾಗ ಅಂಕ ಮೂವತ್ತೈದು. ಪಾಸಾಗಲು ಬೇಕಾದದ್ದೂ ಅಷ್ಟೇ.

ಜುಲೈ ಕೊನೆಯ ದಿನ ಆಫೀಸಿನಲ್ಲಿ ಕಲ್ಲೇಶಪ್ಪನವರಿಗೆ ಹಾರ ಹಾಕಿದರು. ಉಮಾಮಹೇಶ್ವರ ಮೇಷ್ಟ್ರು ಬರ್ಫಿಯ ಡಬ್ಬ ಹಿಡಿದು ಎಲ್ಲರೆದುರೂ ಛೇಡಿಸಿದರು: “ಅಂತೂ ನಿಮ್ಮ ನೀಲಣ್ಣ ಸೋತ ಅಂತ ಒಪ್ಪಿದ್ರಲ್ಲ ಗೋದಾವರಮ್ಮ!”

“ಒಪ್ಪಿದ್ದು ನೀವು ಸರ್. ನೀವು ಹೇಳಿದ್ದನ್ನ ನಾನು ಬರ್ದುಕೊಟ್ಟೆ, ಅಷ್ಟೆ.”

ಕಲ್ಲೇಶಪ್ಪ ಹಾರ ತೆಗೆದು, ಬೀರುವಿನ ಬೀಗದ ಕೈಯನ್ನು ಅವಳ ಮುಂದೆ ಮೇಜಿನ ಮೇಲೆ ಇಟ್ಟರು.

“ಮೂವತ್ತಮೂರು ವರ್ಷ ನಾನು ಈ ಕುರ್ಚಿಲಿ ಮಾಡಿದ್ದೂ ಅದೇ ಕೆಲಸ,” ಎಂದರು. “ಇವಳಿಗೆ ಇನ್ನು ಕಲಿಸೋದು ಏನೂ ಇಲ್ಲ. ಕೂತ್ಕೊಳಮ್ಮ.”